ಟೇಪಣ್ಣನ ಮೇಲ್ಮನವಿ

ಕುತ್ತಿಗೆಯ ಸುತ್ತ ಸದಾ ಅಳತೆಯ ಟೇಪು ನೇತುಬಿದ್ದಿರುತ್ತಿದ್ದುದರಿಂದ ಅವನಿಗೆ ಟೇಪಣ್ಣ ಎಂಬ ಹೆಸರು ಬಿತ್ತು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. "ಸ್ನಾನಕ್ಕಾದ್ರೂ ಬಿಚ್ಚಿಡ್ತೀಯೋ ಇಲ್ವೋ?" ಎಂದು ಅಕ್ಕ ಛೇಡಿಸುತ್ತಿದ್ದಳು. ಪರದೆ ಬಟ್ಟೆಯ ಅಂಗಡಿಯೊಂದರಲ್ಲಿ ಅವನು ಹತ್ತೊಂಬತ್ತು ವರ್ಷ ದುಡಿದ. ಗಿರಾಕಿಗಳು ಬಟ್ಟೆ ಆರಿಸಿದ ಮೇಲೆ ಅವರ ಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆಯುವುದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುವುದು, ಮತ್ತೆ ಹೋಗಿ ಗೋಡೆಗೆ ತೂತು ಕೊರೆದು, ಸರಳು ಕೂರಿಸಿ, ಪರದೆ ತೂಗುಹಾಕುವುದು, ಎಲ್ಲವೂ ಅವನದೇ. ನೆರಿಗೆ ಹಿಡಿಯುವುದರಲ್ಲಂತೂ ಎತ್ತಿದ ಕೈ. ಕೆಲಸ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, ಒಂದೊಂದು ನೆರಿಗೆಯನ್ನೂ ಬೆರಳಿಂದ ನೀವಿ ಸಮ ಮಾಡದೆ ಆ ಮನೆಯಿಂದ ಹೊರಡುತ್ತಿರಲಿಲ್ಲ.

ತನ್ನವರು ಅಂತ ಅವನಿಗಿದ್ದವಳು ಅಕ್ಕ ಒಬ್ಬಳೇ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಅಂದಿನಿಂದ ಅವನ ಅಂಗಿ ಹೊಲಿದವಳು, ಜ್ವರ ಬಂದಾಗ ತಲೆದೆಸೆಯಲ್ಲಿ ಕೂತವಳು, ಶಾಲೆಯಲ್ಲಿ ಹೊಡೆತ ತಿಂದು ಬಂದಾಗ ಸೆರಗು ಸಿಕ್ಕಿಸಿಕೊಂಡು ಮೇಷ್ಟ್ರ ಜೊತೆ ಜಗಳಕ್ಕೆ ಹೋದವಳು ಅವಳೇ. ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳೂ ಅವಳೇ. ಮದುವೆಯಾಗಿ ಹೋದವಳು ನಾಲ್ಕೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡು ವಾಪಸು ಬಂದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರೇ. ಅವಳು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಇವನು ಮದುವೆಯ ಮಾತು ಬಂದಾಗಲೆಲ್ಲ "ನಿನ್ನ ಒಬ್ಬಳ ಬೈಗುಳಾನೇ ನನಗೆ ಸಾಕಾಗಿದೆ" ಎಂದು ನಕ್ಕು ಜಾರಿಕೊಳ್ಳುತ್ತಿದ್ದ.

ಇಂಥ ಮನುಷ್ಯ ಎರಡು ವರ್ಷದಲ್ಲಿ ಐದು ಮನೆಗಳಿಗೆ ಕನ್ನ ಹಾಕಿದ.

ಮೊದಲನೆಯದು ಒಬ್ಬ ಹಲ್ಲಿನ ಡಾಕ್ಟರ ಮನೆ. ಬೆಳಿಗ್ಗೆ ಪರದೆ ಹಾಕಿ ಬಂದವನು ಗೋಡೆ ಕೊರೆಯುವ ಯಂತ್ರವನ್ನು ಅಲ್ಲೇ ಮರೆತಿದ್ದ. ಮಧ್ಯಾಹ್ನ ಹೋಗಿ ಗಂಟೆ ಒತ್ತಿದರೆ ಯಾರೂ ಇಲ್ಲ. ಬಚ್ಚಲ ಕಿಟಕಿಯ ಚಿಲಕ ಸಡಿಲವಾಗಿದ್ದುದನ್ನು ಅವನು ಒಳಗಿಂದ ನೋಡಿದ್ದ. ಇನ್ನೊಂದು ಮನೆಯ ಕೆಲಸ ಕಾದಿತ್ತು. ತನ್ನ ಸಾಮಾನು ತಾನು ತೆಗೆದುಕೊಂಡು ಹೋದರೆ ಯಾರಿಗೇನು ನಷ್ಟ ಅಂದುಕೊಂಡು ಕಿಟಕಿಯಿಂದ ಇಳಿದ. ಯಂತ್ರ ಕೈಗೆ ಸಿಕ್ಕಿತು. ಹೊರಡುವ ಬದಲು ಅವನು ಹಜಾರದ ದೊಡ್ಡ ಕುರ್ಚಿಯಲ್ಲಿ ಕೂತ. ಹತ್ತೊಂಬತ್ತು ವರ್ಷದಲ್ಲಿ ಸಾವಿರ ಮನೆ ಹೊಕ್ಕಿದ್ದನಾದರೂ ಯಾವ ಮನೆಯಲ್ಲೂ ಕುರ್ಚಿಯ ಮೇಲೆ ಕೂತವನಲ್ಲ. ತಾನೇ ಹೊಲಿದ ಪರದೆಯಿಂದ ಸೋಸಿಕೊಂಡು ಬಂದ ಬೆಳಕು ನೆಲದ ಮೇಲೆ ಬಿದ್ದಿತ್ತು. ಹತ್ತು ನಿಮಿಷ ಆ ಮನೆ ತನ್ನದೇ ಅನ್ನಿಸಿತು. ಎದ್ದು ಹೊರಡುವಾಗ ಮೇಜಿನ ಮೇಲಿದ್ದ ಕೈಗಡಿಯಾರ ಜೇಬಿಗೆ ಹೋಯಿತು.

ಹೊಟ್ಟೆಪಾಡು ಮಾಡಿಸಿತು ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಉಣ್ಣಲು ಉಡಲು ಕೊರತೆ ಇರಲಿಲ್ಲ. ಯಾಕೆ ತೆಗೆದೆ ಎಂದು ಆಮೇಲೆ ಅವನು ತನ್ನನ್ನು ಎಷ್ಟೋ ಸಲ ಕೇಳಿಕೊಂಡ. ಸರಿಯಾದ ಉತ್ತರ ಕೊನೆಯವರೆಗೂ ಸಿಗಲಿಲ್ಲ. ಒಂದು ವಾರ ಹಿಂದಿನ ಕೋಣೆಯಿಂದ ಅಂಗಡಿಯ ಬಾಗಿಲ ಕಡೆ ಇಣುಕಿ ನೋಡಿದ. ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ಎರಡನೆಯ ಮನೆಗೆ ಇಳಿಯುವಾಗ ಯಾವ ನೆಪವನ್ನೂ ಹುಡುಕಿಕೊಳ್ಳಲಿಲ್ಲ.

ಮೂರನೆಯದು ನರ್ಸಮ್ಮನ ಮನೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಒಬ್ಬರೇ ಇದ್ದ ಹೆಂಗಸು. ಅಳತೆಗೆ ಹೋದ ದಿನ ಕೂರು ಎಂದು ಕುರ್ಚಿ ತೋರಿಸಿ ಟೀ ಕೊಟ್ಟರು. ಅವನು ಕೂರಲಿಲ್ಲ, ನಿಂತೇ ಕುಡಿದ. "ಎರಡೂ ಮಂಡಿ ಆಪರೇಷನ್ ಇದೆ ಕಣಪ್ಪ, ಇಪ್ಪತ್ತು ದಿನ ಆಸ್ಪತ್ರೆಲೇ ಇರಬೇಕು. ನಲವತ್ತು ವರ್ಷ ಬೇರೆಯವರ ಹಾಸಿಗೆ ಸರಿ ಮಾಡಿದೆ, ಈಗ ನಾನೇ ಮಲಗೋ ಸರದಿ. ವಾಪಸ್ ಬಂದಾಗ ಮನೆ ಚೆನ್ನಾಗಿ ಕಾಣ್ಲಿ ಅಂತ ಆಸೆ. ಹೋಗೋದ್ರೊಳಗೆ ಪರದೆ ಹಾಕಿಕೊಡ್ತೀಯಾ?" ಎಂದರು. ಹೇಳಿದ ದಿನಕ್ಕೆ ಹಾಕಿಕೊಟ್ಟ. ಅವರು ಆಸ್ಪತ್ರೆಗೆ ಸೇರಿದ ನಾಲ್ಕನೆಯ ದಿನ ಅಡುಗೆಮನೆಯ ಕಿಟಕಿಯಿಂದ ಇಳಿದ. ಬೀರುವಿನ ಮೇಲಿನ ಖಾನೆಯಲ್ಲಿ, ಬಿಳಿ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದ ಒಂದು ಜೊತೆ ಹಳೆಯ ಕೆಂಪು ಹರಳಿನ ಓಲೆ ಸಿಕ್ಕಿತು.

ಉಳಿದ ಮನೆಗಳ ಸಾಮಾನುಗಳನ್ನು ಅವನು ಅಂಗಡಿಯ ಉಗ್ರಾಣದಲ್ಲಿ, ಯಾರೂ ಕೇಳದ ಹಳೆಯ ಬಟ್ಟೆಯ ಸುರುಳಿಗಳೊಳಗೆ ಸಿಕ್ಕಿಸಿ ಇಡುತ್ತಿದ್ದ. ಈ ಓಲೆಗಳನ್ನು ಮಾತ್ರ ಮನೆಗೆ ತಂದ. "ಇಷ್ಟು ವರ್ಷ ನಿಯತ್ತಾಗಿ ದುಡಿದೆ ಅಂತ ಸಾಹುಕಾರ್ರು ಕೊಟ್ರು" ಎಂದು ಅಕ್ಕನ ಅಂಗೈಯಲ್ಲಿಟ್ಟ. ಅಕ್ಕ ಕಣ್ಣೊರೆಸಿಕೊಂಡು ಕನ್ನಡಿಯ ಮುಂದೆ ನಿಂತು ಹಾಕಿಕೊಂಡಳು. ಆಮೇಲೆ ತೆಗೆದವಳಲ್ಲ.

ಅವನು ಸಿಕ್ಕಿಬಿದ್ದದ್ದು ತನ್ನ ಕಸುಬಿನಿಂದಲೇ. ಐದನೆಯ ಮನೆಯ ಯಜಮಾನಿ ಪೊಲೀಸರ ಮುಂದೆ ಅಳುತ್ತಾ ಅಳುತ್ತಾ ತಟ್ಟನೆ ನಿಲ್ಲಿಸಿ, "ಸರ್, ಆ ಪರದೆ ನೋಡಿ. ನನ್ನ ಮಗಳು ದಿನಾ ಎಳೆದಾಡಿ ಸೊಟ್ಟ ಮಾಡಿರ್ತಿದ್ಲು. ಈಗ ನೆಟ್ಟಗೆ ನಿಂತಿದೆ. ಕಳ್ಳ ಪರದೆ ಸರಿ ಮಾಡಿ ಹೋಗಿದ್ದಾನೆ" ಎಂದಳಂತೆ. ಪೇದೆಗಳು ಮುಸಿಮುಸಿ ನಕ್ಕರಂತೆ. ಇನ್‌ಸ್ಪೆಕ್ಟರ್ ನಗಲಿಲ್ಲ. ಈ ಪರದೆ ಹಾಕಿದವರು ಯಾರು ಎಂದು ಕೇಳಿದ. ಅದೇ ಪ್ರಶ್ನೆಯನ್ನು ಉಳಿದ ನಾಲ್ಕು ಮನೆಗಳಿಗೂ ಹೋಗಿ ಕೇಳಿದ. ಸಂಜೆಯೊಳಗೆ ಅಂಗಡಿಯ ಉಗ್ರಾಣ ತಲೆಕೆಳಗಾಯಿತು.

"ನನಗೇನೂ ಗೊತ್ತಿಲ್ಲ" ಎಂದ ಟೇಪಣ್ಣ. "ಉಗ್ರಾಣಕ್ಕೆ ಹತ್ತು ಜನ ಹೋಗ್ತಾರೆ, ಬರ್ತಾರೆ. ಯಾರೋ ತಂದಿಟ್ಟಿರಬೇಕು." ಆ ಒಂದು ಮಾತನ್ನು ಅವನು ಠಾಣೆಯಲ್ಲಿ, ಕೋರ್ಟಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕನ ಮುಂದೆ ಹೇಳಿಕೊಂಡೇ ಬಂದ. ಅಕ್ಕ ಅದನ್ನು ಕಣ್ಣುಮುಚ್ಚಿ ನಂಬಿದಳು. ಪೊಲೀಸರು ಮನೆ ಶೋಧಿಸಲು ಬಂದಾಗ ಬಾಗಿಲಿಗೆ ಅಡ್ಡ ನಿಂತು ಬಾಯಿಗೆ ಬಂದ ಹಾಗೆ ಬೈದಳು. ಅವರು ಹಾಸಿಗೆ ಮಗುಚಿದರು, ಪಾತ್ರೆಗಳೊಳಗೆ ಕೈ ಹಾಕಿದರು, ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿ ನೋಡಿದರು. ಹುಡುಕುತ್ತಿದ್ದ ವಸ್ತು ಬೈಯುತ್ತಿದ್ದವಳ ಕಿವಿಯಲ್ಲೇ ಇತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ವಿಚಾರಣೆ ಹದಿನಾಲ್ಕು ತಿಂಗಳು ಎಳೆಯಿತು. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ, ಒಂದೇ ಒಂದು ದಿನವನ್ನು ಬಿಟ್ಟು. ನರ್ಸಮ್ಮ ಊರುಗೋಲು ಊರಿಕೊಂಡು ಸಾಕ್ಷಿ ಹೇಳಲು ಬಂದ ದಿನ ಅದು. ಹಿಂದಿನ ದಿನವೇ ಟೇಪಣ್ಣ ಒಬ್ಬ ಪೇದೆಯ ಕೈಲಿ "ನಾಳೆ ಕೋರ್ಟ್ ಇಲ್ಲ, ಬರಬೇಡ" ಎಂದು ಹೇಳಿಕಳಿಸಿದ್ದ. ಅಮ್ಮ ಸಾಯುವ ಮುಂಚೆ ಕೊಟ್ಟ ಓಲೆ ಎಂದು ನರ್ಸಮ್ಮ ಹೇಳುವಾಗ ಅವನು ಬೆಂಚುಗಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದ, ಅಕ್ಕ ಎಲ್ಲಾದರೂ ಬಂದುಬಿಟ್ಟಳೋ ಎಂದು. ನರ್ಸಮ್ಮನ ಮುಖವನ್ನು ನೋಡಲೇ ಇಲ್ಲ.

ಐದು ಮನೆಗೆ ತಲಾ ಎರಡು ವರ್ಷ, ಒಂದು ಮುಗಿದ ಮೇಲೆ ಇನ್ನೊಂದು, ಒಟ್ಟು ಹತ್ತು ವರ್ಷ ಎಂದು ತೀರ್ಪಾಯಿತು. ಅವನಿಗಾಗ ನಲವತ್ತೈದು. ಅಕ್ಕನಿಗೆ ಐವತ್ತೇಳು. ಕೋರ್ಟಿನ ಮೆಟ್ಟಿಲ ಮೇಲೆ ಅವಳು ಅವನ ತೋಳು ಹಿಡಿದು, "ಹೆದರಬೇಡ ಕಣೋ. ಇದರ ಮೇಲೆ ಇನ್ನೊಂದು ಕೋರ್ಟ್ ಇದೆ. ಅಪೀಲು ಹಾಕೋಣ. ನನ್ನ ಜೀವ ಇರೋವರೆಗೂ ನಾನು ಬಿಡಲ್ಲ" ಎಂದಳು.

ಜೈಲಿನಲ್ಲಿ ಅವನನ್ನು ಹೊಲಿಗೆ ವಿಭಾಗಕ್ಕೆ ಹಾಕಿದರು. ಕೈದಿಗಳ ಬಟ್ಟೆ, ಹೊದಿಕೆಗಳ ಅಂಚು. ಅಳತೆಯ ಟೇಪನ್ನು ಒಳಗೆ ಬರುವಾಗಲೇ ಕಿತ್ತುಕೊಂಡಿದ್ದರು. ಕುತ್ತಿಗೆ ಬೋಳುಬೋಳಾಗಿ, ಅವನು ಆಗಾಗ ಅಲ್ಲಿ ಕೈಯಾಡಿಸಿಕೊಳ್ಳುತ್ತಿದ್ದ. ಅವನ ಪಕ್ಕದ ಹಾಸಿಗೆಯವನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಎಲ್ಲರಿಗೂ ಕಾನೂನಿನ ಸಲಹೆ ಕೊಡುತ್ತಿದ್ದ ಒಬ್ಬ ಮುದುಕ. ಎಲ್ಲರೂ ಅವನನ್ನು ಜಡ್ಜ್ ಸಾಹೇಬ್ರು ಎನ್ನುತ್ತಿದ್ದರು. ಅವನು ತನ್ನ ಮೂರು ಅಪೀಲುಗಳಲ್ಲಿ ಮೂರನ್ನೂ ಸೋತಿದ್ದ. "ಒಪ್ಕೋಬೇಡ. ಎದೆ ಬಗೆದ್ರೂ ಒಪ್ಕೋಬೇಡ" ಎಂಬುದು ಅವನ ಒಂದೇ ಸಲಹೆ. ಟೇಪಣ್ಣನಿಗೂ ಅದೇ ಹಿತವಾಗಿ ಕೇಳಿಸುತ್ತಿತ್ತು.

ಮೇಲ್ಮನವಿಗೆ ಸರ್ಕಾರದ ಕಡೆಯಿಂದ ಒಬ್ಬ ವಕೀಲೆಯನ್ನು ಕೊಟ್ಟರು. ಶಾಲೆಯ ಹುಡುಗಿಯರ ಹಾಗೆ ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ ಹೆಣ್ಣುಮಗಳು. ಇವಳೇನು ವಾದ ಮಾಡಿಯಾಳು ಎಂದುಕೊಂಡಿದ್ದ ಟೇಪಣ್ಣ. ಅವಳು ಕಡತವನ್ನು ಮೇಜಿನ ಮೇಲಿಟ್ಟು ನೇರವಾಗಿ ಮಾತಿಗೆ ಬಂದಳು.

"ನೋಡಿ, ಎರಡು ದಾರಿ ಇದೆ. ಒಂದು, ನಾನು ಕದ್ದೇ ಇಲ್ಲ ಅಂತ ಅಪೀಲು ಹಾಕೋದು. ಪೂರ್ತಿ ಓದಿದೀನಿ, ಅದು ನಿಲ್ಲಲ್ಲ. ಎರಡು ಕಿಟಕಿ ಮೇಲೆ ನಿಮ್ಮ ಬೆರಳಚ್ಚು ಹೊರಗಡೆಯಿಂದ ಸಿಕ್ಕಿದೆ. ಎರಡನೇ ಮಹಡಿ ಕಿಟಕಿಗೆ ಹೊರಗಡೆಯಿಂದ ಅಳತೆ ಯಾರು ತಗೋತಾರೆ?"

ಅವನು ಬೋಳು ಕುತ್ತಿಗೆಯ ಮೇಲೆ ಕೈಯಾಡಿಸಿಕೊಂಡ.

"ಇನ್ನೊಂದು, ಶಿಕ್ಷೆ ಮೇಲೆ ಮಾತ್ರ ಅಪೀಲು. ಐದು ಶಿಕ್ಷೆಯನ್ನ ಒಂದಾದಮೇಲೆ ಒಂದು ಅಂತ ಕೊಟ್ಟಿದ್ದಾರೆ. ಯಾಕೆ ಒಟ್ಟಿಗೆ ಅನುಭವಿಸಬಾರದು ಅನ್ನೋದಕ್ಕೆ ಕೆಳಗಿನ ಕೋರ್ಟು ಒಂದು ಸಾಲೂ ಬರೆದಿಲ್ಲ. ಅಲ್ಲಿ ನಮಗೆ ಜಾಗ ಇದೆ. ಆದ್ರೆ ಅಪರಾಧ ಮಾಡಿದ್ದು ನಿಜ, ತಪ್ಪಾಯ್ತು ಅಂತ ನೀವು ಒಪ್ಕೋಬೇಕು. ಮಾಡೇ ಇಲ್ಲ ಅಂತಾನೂ ಹೇಳಿ, ಕಮ್ಮಿ ಮಾಡಿ ಅಂತಾನೂ ಕೇಳಿದ್ರೆ ಎರಡೂ ಕೈ ಬಿಡುತ್ತೆ."

"ಒಪ್ಕೊಂಡ್ರೆ ಎಲ್ಲರಿಗೂ ಗೊತ್ತಾಗುತ್ತಾ ಮೇಡಂ?"

"ಎಲ್ಲರಿಗೂ ಅಂದ್ರೆ?"

"ನಮ್ಮಕ್ಕನಿಗೆ."

ವಕೀಲೆ ಪೆನ್ನು ಕೆಳಗಿಟ್ಟಳು. "ಅವರು ಕೋರ್ಟಲ್ಲಿ ಕೂತಿರ್ತಾರೆ ಅಲ್ವಾ? ಅಲ್ಲಿ ಕೇಳೋದಕ್ಕಿಂತ ನಿಮ್ಮ ಬಾಯಿಂದ ಕೇಳೋದು ವಾಸಿ. ಹದಿನೈದು ದಿನ ಟೈಮಿದೆ."

ಆ ಹದಿನೈದು ದಿನದಲ್ಲಿ ಹದಿಮೂರನ್ನು ಅವನು ಸುಮ್ಮನೆ ಕಳೆದ. ಅಕ್ಕ ಒಂದು ಸಲ ಬಂದುಹೋದಳು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು ಸೈಕಲ್ ಅಂಗಡಿಯವನ ಬೆನ್ನುನೋವಿನ ವಿಚಾರ ಕೇಳಿದ. ಎರಡನೆಯ ಸಲ ಬಂದಾಗ ಅವಳ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಜಾಲರಿಯ ಆ ಕಡೆ ಕೂತು ಅದನ್ನು ಬಿಡಿಸಿ ಅವನ ಮುಂದೆ ಹಿಡಿದಳು. ಅವಳ ಮುಖ ಬೆಳಗುತ್ತಿತ್ತು.

"ನೋಡೋ, ನಮ್ಮ ಬೀದಿಯ ಹನ್ನೊಂದು ಮನೆಯವರೂ ಸಹಿ ಹಾಕಿದ್ದಾರೆ. ನೀನು ಅಂಥವನಲ್ಲ ಅಂತ. ಸೈಕಲ್ ಅಂಗಡಿಯವನು ಕನ್ನಡಕ ಇಲ್ಲದೆ ತಲೆಕೆಳಗಾಗಿ ಸಹಿ ಹಾಕಿದ್ದಾನೆ, ಇರಲಿ ಬಿಡು. ಇದನ್ನ ಆ ವಕೀಲಮ್ಮನಿಗೆ ಕೊಡ್ತೀನಿ."

ಹನ್ನೊಂದು ಸಹಿಗಳನ್ನೂ ಅವನು ಜಾಲರಿಯ ಕಿಂಡಿಗಳಲ್ಲಿ ಒಂದೊಂದಾಗಿ ನೋಡಿದ.

"ಅಕ್ಕ, ಅದನ್ನ ಕೊಡಬೇಡ."

"ಯಾಕೆ? ಸ್ಟಾಂಪ್ ಹಾಕಿಸಬೇಕಿತ್ತಾ?"

"ಅದು ನಿಜ ಅಲ್ಲ. ನಾನೇ ಕದ್ದಿದ್ದು. ಐದೂ ಮನೆ."

ಅಕ್ಕ ನಕ್ಕಳು. "ಓ, ಆ ವಕೀಲಮ್ಮ ಹೀಗೆ ಹೇಳು ಅಂದ್ಲಾ? ಶಿಕ್ಷೆ ಕಮ್ಮಿ ಆಗುತ್ತೆ ಅಂತ? ಕೋರ್ಟಲ್ಲಿ ಬೇಕಾದ್ರೆ ಹಾಗೇ ಹೇಳು, ಬೇಡ ಅನ್ನಲ್ಲ. ನನ್ನ ಹತ್ರ ಯಾಕೆ ನಾಟಕ? ನಿನ್ನ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಗೊತ್ತಿಲ್ವಾ?"

ಅಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಅವಳೇ ಒಂದು ದಾರಿ ತೋರಿಸಿಕೊಟ್ಟಿದ್ದಳು. ಕೋರ್ಟಿಗೆ ಒಂದು ಸತ್ಯ, ಅಕ್ಕನಿಗೆ ಇನ್ನೊಂದು. ಹಾಗೇ ಆಗಲಿ ಎಂದು ತಲೆಯಾಡಿಸಿದ್ದರೆ ಅವಳು ಸಾಯುವವರೆಗೂ ನಂಬಿಕೊಂಡೇ ಇರುತ್ತಿದ್ದಳು. ಒಂದು ಕ್ಷಣ ಅವನ ತಲೆ ಅಲ್ಲಾಡಲೂ ಹೊರಟಿತ್ತು. ಆದರೆ ಅವಳು ತಲೆ ಬಾಗಿಸಿ ಕಾಗದ ಮಡಿಸುವಾಗ ಓಲೆಯ ಕೆಂಪು ಹರಳು ಬೆಳಕಿಗೆ ಮಿಂಚಿತು.

"ನಿನ್ನ ಕಿವಿಯಲ್ಲಿರೋದು ನರ್ಸಮ್ಮನ ಓಲೆ ಅಕ್ಕ" ಎಂದ.

ಅವಳ ಕೈ ಕಿವಿಗೆ ಹೋಯಿತು. "ಸಾಹುಕಾರ್ರು ಕೊಟ್ಟಿದ್ದು ಅಂದ್ಯಲ್ಲ..."

"ಸಾಹುಕಾರ್ರು ಏನೂ ಕೊಟ್ಟಿಲ್ಲ. ಅವರು ಆಸ್ಪತ್ರೆಲಿದ್ದಾಗ ಬೀರುವಿಂದ ತೆಗೆದೆ. ಬಿಳಿ ಡಬ್ಬೀಲಿ ಹತ್ತಿ ಸುತ್ತಿ ಇಟ್ಟಿದ್ರು. ಅವರಮ್ಮ ಕೊಟ್ಟಿದ್ದಂತೆ. ಅವರು ಸಾಕ್ಷಿ ಹೇಳೋಕೆ ಬಂದ ದಿನ ನಿನ್ನನ್ನ ನೋಡಿಬಿಟ್ರೆ ಅಂತ ಕೋರ್ಟ್ ಇಲ್ಲ ಅಂತ ಸುಳ್ಳು ಹೇಳಿಕಳಿಸಿದೆ."

ಅಕ್ಕ ಓಲೆಗಳನ್ನು ಬಿಚ್ಚತೊಡಗಿದಳು. ಎಡಗಿವಿಯದು ಸಲೀಸಾಗಿ ಬಂತು. ಬಲಗಿವಿಯ ತಿರುಪು ಬಿಗಿದುಕೊಂಡಿತ್ತು. ಉಗುರಿನಿಂದ ತಿರುಗಿಸಿ ತಿರುಗಿಸಿ ಕಿವಿ ಕೆಂಪಗಾಯಿತು. ಅವನು ಜಾಲರಿಯ ಈ ಕಡೆ ಕೈಕಟ್ಟಿ ಕೂತು ನೋಡಬೇಕಾಯಿತು. ಕೊನೆಗೂ ಬಂದಾಗ ಎರಡನ್ನೂ ಕರವಸ್ತ್ರದಲ್ಲಿ ಗಂಟು ಹಾಕಿ, ಚೀಲದಲ್ಲಿಟ್ಟು, ಎದ್ದು ಹೋದಳು. ಭೇಟಿಯ ಸಮಯ ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು. ಆ ಹನ್ನೆರಡು ನಿಮಿಷವೂ ಅವನು ಖಾಲಿ ಕುರ್ಚಿಯ ಎದುರು ಕೂತಿದ್ದ. ಬರಬಹುದೇನೋ ಎಂದು.

ಎರಡು ದಿನದ ನಂತರ ವಕೀಲೆ ಬಂದಾಗ ಅವಳ ಮುಖ ಬಿಗಿದುಕೊಂಡಿತ್ತು.

"ನಿಮ್ಮಕ್ಕ ಏನು ಮಾಡಿದ್ದಾರೆ ಗೊತ್ತಾ? ಜೈಲಿಂದ ನೇರ ಆ ನರ್ಸ್ ಮನೆಗೆ ಹೋಗಿ ಓಲೆ ವಾಪಸ್ ಕೊಟ್ಟಿದ್ದಾರೆ! ನನಗೊಂದು ಮಾತು ಹೇಳಬಾರದಾ? ಕದ್ದ ಮಾಲು ಇಟ್ಕೊಂಡಿದ್ರು ಅಂತ ಅವರ ಮೇಲೇ ಕೇಸ್ ಆಗಬಹುದಿತ್ತು."

ಅವನು ಎದ್ದು ನಿಂತ. "ಆಯ್ತಾ?"

"ಇಲ್ಲ. ಆ ಅಮ್ಮ ಠಾಣೆಗೆ ಫೋನ್ ಮಾಡಿ, ನನ್ನ ಓಲೆ ನನಗೆ ಸಿಕ್ತು, ಯಾರು ತಂದ್ರು ಅಂತ ನಾನು ಹೇಳಲ್ಲ, ನನಗೆ ವಯಸ್ಸಾಗಿದೆ ಅಂದರಂತೆ. ಆದ್ರೆ ಕೋರ್ಟಿಗೆ ಒಂದು ಪತ್ರ ಬರೀತೀನಿ ಅಂದಿದ್ದಾರೆ. ಅದರಲ್ಲಿ ಏನು ಬರೀತಾರೋ ನನಗೆ ಗೊತ್ತಿಲ್ಲ. ಅದೇ ನನಗೆ ಭಯ."

"ಅಕ್ಕ ಹೇಗಿದ್ದಾಳೆ ಮೇಡಂ?"

ವಕೀಲೆಯ ದನಿ ಸ್ವಲ್ಪ ಮೆತ್ತಗಾಯಿತು. "ಆ ಸಹಿಗಳ ಕಾಗದ ತಗೊಂಡು ಮತ್ತೆ ಹನ್ನೊಂದು ಮನೆಗೂ ಹೋಗಿದ್ರಂತೆ. ನಾನು ಹೇಳಿದ್ದು ತಪ್ಪು, ಅವನು ಕದ್ದಿದ್ದಾನೆ, ನಿಮ್ಮ ಹೆಸರು ನೀವೇ ಹೊಡೆದುಹಾಕಿ ಅಂತ ಪೆನ್ನು ಕೊಟ್ರಂತೆ. ಕೆಲವರು, ಇರಲಿ ಬಿಡಮ್ಮ ಅಂದ್ರೂ ಬಿಡಲಿಲ್ಲವಂತೆ. ನನಗೆ ಸೈಕಲ್ ಅಂಗಡಿಯವರು ಹೇಳಿದ್ದು."

ಆ ರಾತ್ರಿ ಅವನು ಊಟದ ತಟ್ಟೆಯನ್ನು ಹಾಗೇ ವಾಪಸು ಕೊಟ್ಟ. ಅಕ್ಕ ಹನ್ನೊಂದು ಬಾಗಿಲು ತಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ಬೀದಿಯಲ್ಲಿ ಅವಳು ಇಪ್ಪತ್ತು ವರ್ಷ ತಲೆಯೆತ್ತಿ ನಡೆದವಳು. ಯಾರ ಮನೆಯಲ್ಲೂ ಒಂದು ಲೋಟ ಸಕ್ಕರೆಯನ್ನೂ ಕೈಚಾಚಿ ಕೇಳಿದವಳಲ್ಲ. ಮೊದಲ ದಿನವೇ, ಠಾಣೆಯಲ್ಲೇ, ಹೌದು ನಾನೇ ಎಂದುಬಿಟ್ಟಿದ್ದರೆ ಅವಳು ಅತ್ತು, ಬೈದು, ಒಳಗೆ ಬಾಗಿಲು ಹಾಕಿಕೊಂಡಿರುತ್ತಿದ್ದಳು. ಅವಮಾನ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಇವನ ಸುಳ್ಳನ್ನು ಅವಳು ಮನೆಮನೆಗೂ ಹೊತ್ತುಕೊಂಡು ಹೋಗಿ, ಮತ್ತೆ ಮನೆಮನೆಯಿಂದ ವಾಪಸು ಹೊತ್ತುಕೊಂಡು ಬರಬೇಕಾಯಿತು. ಜಡ್ಜ್ ಸಾಹೇಬ್ರು ಕನ್ನಡಕದ ಮೇಲಿಂದ ನೋಡಿ, "ಒಪ್ಕೊಂಡ್ಯಾ? ಕೆಟ್ಟೆ ಹೋಗು" ಎಂದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಮೇಲಿನ ಕೋರ್ಟಿನಲ್ಲಿ ವಿಚಾರಣೆಗೆ ಬರುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಅಕ್ಕ ಒಮ್ಮೆಯೂ ಭೇಟಿಗೆ ಬರಲಿಲ್ಲ. ಅವನು ಮೂರು ಪತ್ರ ಬರೆದ. ಉತ್ತರವಿಲ್ಲ.

ಇಬ್ಬರು ನ್ಯಾಯಮೂರ್ತಿಗಳಿದ್ದರು. ಹಿರಿಯರು ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು, ಕಿರಿಯರು ಕಡತದ ಹಾಳೆಗಳಿಗೆ ಬಣ್ಣದ ಚೀಟಿ ಅಂಟಿಸಿಕೊಂಡಿದ್ದರು. ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಿದ್ದ ಹೆಣ್ಣುಮಗಳು ಅಲ್ಲಿ ಬೇರೆಯೇ ಆಗಿ ಕಂಡಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಈ ಮನುಷ್ಯನ ಮೇಲೆ ಹಿಂದೆ ಯಾವ ದೂರೂ ಇಲ್ಲ, ಯಾರ ಮೈಯನ್ನೂ ಮುಟ್ಟಿಲ್ಲ, ಅಪರಾಧ ಒಪ್ಪಿಕೊಂಡಿದ್ದಾನೆ, ಐದು ಶಿಕ್ಷೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದಕ್ಕೆ ಕಾರಣವೇ ಇಲ್ಲ ಎಂದಳು. ಎದುರು ಪಕ್ಷದ ಸರ್ಕಾರಿ ವಕೀಲರು ಎದ್ದು ಒಂದೇ ಮಾತು ಕೇಳಿದರು. "ಕೆಳಗಿನ ಕೋರ್ಟಿನಲ್ಲಿ ಕೊನೆಯವರೆಗೂ ಒಪ್ಪಿಕೊಳ್ಳದವನು ಈಗ ಶಿಕ್ಷೆ ಕಡಿಮೆಯಾಗಲಿ ಅಂತ ಒಪ್ಪಿಕೊಂಡರೆ ಅದನ್ನು ಪಶ್ಚಾತ್ತಾಪ ಅನ್ನೋದು ಹೇಗೆ?" ಆ ಪ್ರಶ್ನೆ ಸರಿಯಾದದ್ದೇ ಎಂದು ಟೇಪಣ್ಣನಿಗೇ ಅನ್ನಿಸಿತು.

ಕಿರಿಯ ನ್ಯಾಯಮೂರ್ತಿಗಳು ನರ್ಸಮ್ಮನ ಪತ್ರವನ್ನು ಓದಿ ಹೇಳಿದರು. ಚಿಕ್ಕ ಪತ್ರ. ಓಲೆಗಳು ಬಂದಿವೆ. ತಂದವರಿಗೆ ಅದು ಸುಲಭದ ಕೆಲಸವಾಗಿರಲಿಲ್ಲ ಎಂದು ತಿಳಿದಿದೆ. ಆಸ್ಪತ್ರೆಯಿಂದ ಬಂದ ದಿನ ಮನೆಯಲ್ಲಿ ಎಲ್ಲವೂ ಒಪ್ಪವಾಗಿತ್ತು, ಕಳ್ಳತನವಾಗಿದೆ ಎಂದು ಗೊತ್ತಾಗಲು ನನಗೆ ಎರಡು ದಿನ ಹಿಡಿಯಿತು. ಅಂದಿನಿಂದ ನಾನು ಯಾರ ಹತ್ತಿರವೂ ನಾಳೆ ಎಲ್ಲಿಗೆ ಹೋಗುತ್ತೇನೆ ಎಂದು ಹೇಳುವುದಿಲ್ಲ, ಅಕ್ಕಪಕ್ಕದವರಿಗೂ ಹೇಳುವುದಿಲ್ಲ. ಹೀಗೆ ಬದುಕುವುದು ನನಗೆ ಅಭ್ಯಾಸವಿರಲಿಲ್ಲ. ಶಿಕ್ಷೆ ಹೆಚ್ಚು ಮಾಡಿ ಎಂದೂ ಕೇಳುವುದಿಲ್ಲ, ಕಡಿಮೆ ಮಾಡಿ ಎಂದೂ ಕೇಳುವುದಿಲ್ಲ. ಇದು ನಿಮಗೆ ತಿಳಿದಿರಲಿ ಎಂದು ಬರೆದೆ.

"ನೀನು ಏನಾದರೂ ಹೇಳುವುದಿದೆಯೇ?" ಎಂದು ಹಿರಿಯರು ಕೇಳಿದರು.

ಹೇಳಬೇಕಾದ ಮೂರು ವಾಕ್ಯಗಳನ್ನು ವಕೀಲೆ ಬರೆದುಕೊಟ್ಟಿದ್ದಳು. ಅವನಿಗೆ ಒಂದೂ ನೆನಪಿಗೆ ಬರಲಿಲ್ಲ.

"ಅವರು ಆಪರೇಷನ್ ವಿಷಯ ನನಗೆ ಹೇಳಿದ್ರು ಸ್ವಾಮಿ. ಟೀ ಕೊಟ್ಟು ಹೇಳಿದ್ರು. ಯಾವ ದಿನ ಹೋಗ್ತಾರೆ, ಎಷ್ಟು ದಿನ ಇರಲ್ಲ ಅಂತ ಅವರೇ ಹೇಳಿದ್ರು. ಬೇರೆ ಮನೆಗಳಲ್ಲಿ ನಾನು ಕಾದು ನೋಡಿ ತಿಳ್ಕೊಂಡೆ. ಇಲ್ಲಿ ಕೇಳದೇ ಇದ್ರೂ ಹೇಳಿದ್ರು." ಅಷ್ಟು ಹೇಳಿ ಪಕ್ಕಕ್ಕೆ ತಿರುಗಿ ನೋಡಿದ. ವಕೀಲೆ ಕಣ್ಣು ಮುಚ್ಚಿಕೊಂಡಿದ್ದಳು. ಅವನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಾಗಿತ್ತು.

ಹಿಂದಿನ ಬೆಂಚುಗಳನ್ನು ಅವನು ಆಗ ನೋಡಿದ. ಅಕ್ಕ ಬಂದಿರಲಿಲ್ಲ.

ತೀರ್ಪು ಮೂರು ವಾರಕ್ಕೆ ಬಂತು. ನಾಲ್ಕು ಮನೆಗಳ ಶಿಕ್ಷೆ ಒಟ್ಟಿಗೆ, ಎರಡು ವರ್ಷ. ನರ್ಸಮ್ಮನ ಮನೆಯದು ಮಾತ್ರ ಪ್ರತ್ಯೇಕ, ಅದು ಮುಗಿದ ಮೇಲೆ ಇನ್ನೆರಡು ವರ್ಷ. ನಂಬಿ ಹೇಳಿದ ಮಾತನ್ನೇ ಕೀಲಿಕೈ ಮಾಡಿಕೊಂಡಿದ್ದಾನೆ, ಅದನ್ನು ಉಳಿದವುಗಳ ಜೊತೆ ಸೇರಿಸಲಾಗದು ಎಂದು ಬರೆದಿದ್ದರು. ಹತ್ತು ನಾಲ್ಕಾಯಿತು. ವಿಚಾರಣೆಯ ಕಾಲದಲ್ಲಿ ಒಳಗಿದ್ದುದನ್ನೂ ಲೆಕ್ಕಕ್ಕೆ ಹಿಡಿದರೆ ಉಳಿದದ್ದು ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು. "ನೀವು ಬಾಯಿ ಮುಚ್ಚಿಕೊಂಡಿದ್ರೆ ಎರಡೇ ಆಗ್ತಿತ್ತೇನೋ" ಎಂದಳು ವಕೀಲೆ. ಆಮೇಲೆ, "ಬಿಡಿ, ಪರವಾಗಿಲ್ಲ" ಎಂದಳು. ಜಡ್ಜ್ ಸಾಹೇಬ್ರು ಮೂರು ದಿನ ಅವನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ತಮ್ಮ ಕಡತ ತಂದು ಅವನ ಹಾಸಿಗೆಯ ಮೇಲಿಟ್ಟು, "ನಿನ್ನ ವಕೀಲಮ್ಮನಿಗೆ ಇದನ್ನ ಒಂದ್ಸಲ ತೋರಿಸು" ಎಂದರು.

ಸುದ್ದಿ ಹೇಳಿ ಅವನು ಅಕ್ಕನಿಗೆ ನಾಲ್ಕನೆಯ ಪತ್ರ ಬರೆದ. ಅದಕ್ಕೆ ಉತ್ತರವಾಗಿ ಒಂದು ಪೊಟ್ಟಣ ಬಂತು. ಒಳಗೆ ಎರಡು ಅಂಗಿ, ಹೊಸದಾಗಿ ಹೊಲಿದದ್ದು. ಕಾಗದ ಇರಲಿಲ್ಲ. ಅವನು ಜೇಬುಗಳಲ್ಲೂ ಹುಡುಕಿ ನೋಡಿದ. ಅಂಗಿ ಅಳತೆಗೆ ಸರಿಯಾಗಿತ್ತು; ಅವನು ಎಷ್ಟು ಸೊರಗಿರಬಹುದೆಂದು ಅವಳು ಊಹಿಸಿಯೇ ಕತ್ತರಿಸಿದ್ದಳು.

ಬಿಡುಗಡೆಯ ದಿನ ಬಾಗಿಲ ಬಳಿ ಯಾರೂ ಇರಲಿಲ್ಲ. ಬಸ್ಸು ಹಿಡಿದು ಬೀದಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬುತ್ತಾ ತಲೆಯೆತ್ತಿ ನೋಡಿ, "ಬಂದ್ಯಾ? ಮೇಲಿದ್ದಾಳೆ, ಹೋಗು" ಎಂದ, ನಿನ್ನೆ ಹೋದವನು ಇವತ್ತು ಬಂದ ಹಾಗೆ. ಎದುರು ಮನೆಯ ಹೆಂಗಸು ಒಣಹಾಕಿದ ಬಟ್ಟೆ ತೆಗೆಯುತ್ತಿದ್ದವಳು ಅವನನ್ನು ಕಂಡು, ಒಂದು ಗಳಿಗೆ ತಡೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಅಕ್ಕ ಯಂತ್ರದ ಮುಂದೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಕೈಕಾಲು ತೊಳ್ಕೋ, ಊಟಕ್ಕಿಡ್ತೀನಿ" ಎಂದಳು. ಅವನು ಉಂಡ. ಅವಳು ಎದುರಿಗೆ ಕೂತು ಬಡಿಸಿದಳು. ತಟ್ಟೆ ಖಾಲಿಯಾದ ಮೇಲೆ ಲೋಟಕ್ಕೆ ನೀರು ಬಗ್ಗಿಸಿದಳು.

"ನಿನಗೆ ನನ್ನಿಂದ ತುಂಬಾ ಅವಮಾನ ಆಯ್ತು ಅಕ್ಕ" ಎಂದ ಕೊನೆಗೆ.

"ಕದ್ದಿದ್ದಕ್ಕೆ ನೀನು ಕೋರ್ಟಿಗೆ ಲೆಕ್ಕ ಒಪ್ಪಿಸಿದೀಯ. ಅದನ್ನ ನಾನು ಎತ್ತಲ್ಲ" ಎಂದಳು ಅಕ್ಕ, ನೀರಿನ ಲೋಟವನ್ನು ಅವನ ಕಡೆ ಸರಿಸುತ್ತಾ. "ಆ ಓಲೆ ಹಾಕ್ಕೊಂಡು ನಾನು ಎರಡು ವರ್ಷ ಓಡಾಡಿದೆ. ಅವಮಾನ ಅಂದ್ರೆ ಅದು. ಆ ಅಮ್ಮ ಬಾಗಿಲು ತೆಗೆದ್ರು ಕಣೋ. ಕೂತ್ಕೊಳ್ಳಿ ಅಂದ್ರು. ಹೇಗೆ ಕೂರಲಿ? ನಿಂತೇ ಕೊಟ್ಟು ಬಂದೆ."

ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ಅವನಿಗೂ ಕೇಳುವ ಧೈರ್ಯ ಬರಲಿಲ್ಲ.

ಪರದೆ ಅಂಗಡಿಯಲ್ಲಿ ಅವನ ಜಾಗಕ್ಕೆ ಇಬ್ಬರು ಬಂದಿದ್ದರು. ಆಸ್ಪತ್ರೆಗಳಿಗೆ ಹಾಸಿಗೆ ಬಟ್ಟೆ ಹೊಲಿದುಕೊಡುವ ಒಂದು ಕಾರ್ಖಾನೆಯಲ್ಲಿ, ಎಲ್ಲ ವಿಷಯ ತಿಳಿದೂ, ಅವನನ್ನು ಸೇರಿಸಿಕೊಂಡರು. ನಲವತ್ತು ಯಂತ್ರಗಳ ಸಾಲಿನಲ್ಲಿ ಒಂದು ಅವನದು. ಯಾರ ಮನೆಗೂ ಹೋಗುವ ಕೆಲಸವಿಲ್ಲ. ಐದು ಮನೆಗಳಿಗೂ ಅವನು ಪತ್ರ ಬರೆದ. ಹಲ್ಲಿನ ಡಾಕ್ಟರು ಎರಡು ಸಾಲು ಉತ್ತರ ಬರೆದರು. ಒಂದು ಪತ್ರ ವಿಳಾಸದಾರರು ಇಲ್ಲವೆಂದು ವಾಪಸು ಬಂತು. ಉಳಿದವರಿಂದ ಏನೂ ಬರಲಿಲ್ಲ. ನರ್ಸಮ್ಮನಿಂದಲೂ ಬರಲಿಲ್ಲ.

ಅಕ್ಕ ತಮ್ಮ ಇಬ್ಬರೂ ಈಗಲೂ ಅದೇ ಎರಡು ಕೋಣೆಗಳಲ್ಲಿದ್ದಾರೆ. ಅಕ್ಕ ಮೊದಲಿನ ಹಾಗೇ ಬೈಯುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಅವನಿಗೆ ಶೀತವಾದರೆ ಬಿಸಿನೀರು ಕಾಯಿಸಿ ತಲೆದೆಸೆಯಲ್ಲಿಡುತ್ತಾಳೆ. ಹೊರಗಿನವರು ನೋಡಿದರೆ ಎಲ್ಲ ಸರಿಹೋಗಿದೆ ಅನ್ನಬೇಕು. ಸಂಜೆ ಅವನು ಕೆಲಸದಿಂದ ಬಂದು, ಹಾಲಿನ ಪಾತ್ರೆಯನ್ನು ಒಳಗಿಟ್ಟು, ಬಿಟ್ಟ ಚಪ್ಪಲಿಯನ್ನು ಮೂಲೆಗೆ ಸರಿಸುವಾಗ, "ಹಾಲು ತಂದ್ಯಾ?" ಎಂದು ಕೇಳುತ್ತಾಳೆ. "ತಂದೆ" ಎನ್ನುತ್ತಾನೆ. ಮೊದಲಾಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಎದ್ದು ಅಡುಗೆಮನೆಗೆ ಹೋಗಿ, ಪಾತ್ರೆಯ ಮುಚ್ಚಳ ತೆಗೆದು ನೋಡಿ, ವಾಪಸು ಬಂದು ಕೂರುತ್ತಾಳೆ. ತಾನು ಹಾಗೆ ಮಾಡುತ್ತೇನೆಂದು ಅವಳಿಗೇ ಗೊತ್ತಿಲ್ಲ. ಅವನಿಗೆ ಗೊತ್ತು. ಅವಳು ಹೋಗಿ ಬರುವವರೆಗೂ ಅವನು ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತಿರುತ್ತಾನೆ.